ಮೊದಲು ನಲ್ಲಿ ಬಿಚ್ಚಿ

ಮನೆಯಲ್ಲೇ ಶುಂಠಿ ಸೋಡಾ ಮಾಡೋದು ಹೇಗೆ, ಕೊಂಬುಚಾ (ಸಿಹಿ ಚಹಾ ಹುಳಿ ಬರಿಸಿ ಮಾಡುವ ಪಾನೀಯ) ಹಾಕೋದು ಹೇಗೆ ಅಂತ ಕೇಳುವವರು ಇತ್ತೀಚೆಗೆ ಜಾಸ್ತಿಯಾಗಿದ್ದಾರೆ. ನಮ್ಮ ವಿಜಯಪುರದ ಬೇಸಿಗೆ ಹಾಗಿದೆ. ಬಿಸಿಲು 40 ಡಿಗ್ರಿ ದಾಟಿದ ಮೇಲೆ ಗುಳ್ಳೆ ಬರುವ, ಸ್ವಲ್ಪ ಹುಳಿ ಸ್ವಲ್ಪ ಸಿಹಿ ಇರುವ ತಣ್ಣಗಿನದು ಯಾರಿಗೆ ಬೇಡ? ಕೇಳಿದವರಿಗೆ ಎಲ್ಲ ಹೇಳುತ್ತೇನೆ. ಎಷ್ಟು ಶುಂಠಿ, ಎಷ್ಟು ಸಕ್ಕರೆ, ಎಷ್ಟು ದಿನ. ಅವರೂ ಮೊಬೈಲ್‌ನಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ "ಜಾಡಿ ಹೇಗೆ ತೊಳೀತೀರಿ?" ಅಂತ ನಾನು ಕೇಳಿದರೆ ಸುಮ್ನೆ ನನ್ನ ಮುಖ ನೋಡುತ್ತಾರೆ. ಜಾಡಿ ತೊಳೆಯೋದನ್ನೂ ಯಾರಾದರೂ ಕೇಳ್ತಾರಾ ಅನ್ನೋ ಹಾಗೆ.

ನನ್ನ ಪ್ರಕಾರ ಕೇಳಬೇಕಾದ್ದು ಅದೊಂದೇ. ಸಕ್ಕರೆ ಒಂದು ಚಮಚ ಹೆಚ್ಚಾದರೆ ಏನೂ ಆಗಲ್ಲ. ಶುಂಠಿ ಕಡಿಮೆಯಾದರೆ ಖಾರ ಕಡಿಮೆ, ಅಷ್ಟೇ. ಜಾಡಿ ಕೊಳೆಯಾಗಿದ್ದರೆ ಮಾತ್ರ ಒಂದು ವಾರದ ಕೆಲಸ ಬಚ್ಚಲಿಗೆ ಹೋಗುತ್ತದೆ.

ಬಿಯರ್ ಯಾಕೆ ಮಾಡಲ್ಲ ಅಂತಲೂ ಕೆಲವರು ಕೇಳುತ್ತಾರೆ. ಕರ್ನಾಟಕದಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಮನೆಯಲ್ಲಿ ಕುಡಿಯೋಕೆ ಅಂದರೂ ಇಲ್ಲ. ಶುಂಠಿ ಸೋಡಾವನ್ನೂ ನಾನು ಗುಳ್ಳೆ ಕಟ್ಟಿದ ಕೂಡಲೇ ಫ್ರಿಜ್‌ಗೆ ಸೇರಿಸುತ್ತೇನೆ. ಹೊರಗೆ ಬಿಟ್ಟಷ್ಟೂ ಸಕ್ಕರೆ ಆಲ್ಕೋಹಾಲ್ ಆಗುತ್ತಾ ಹೋಗುತ್ತದೆ, ಬಾಟಲಿ ಒಡೆಯುವ ಭಯ ಬೇರೆ. ಬಿಯರ್ ಮಾಡುವವನು ನಮ್ಮ ಕಾಕಾನ ಮಗ. ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಮನೆ ಬಿಯರಿಗೂ ಲೈಸೆನ್ಸ್ ಬೇಕು ಅನ್ನುವ ನಿಯಮವನ್ನು 1963ರಲ್ಲೇ ತೆಗೆದುಹಾಕಿದರು. ಅಮೆರಿಕದಲ್ಲಿ ಅದಕ್ಕೆ 1978ರ ಕಾನೂನು ಬರಬೇಕಾಯಿತು. ಇವನು ಶನಿವಾರ ವಿಡಿಯೋ ಕಾಲ್ ಮಾಡಿದರೆ ಹತ್ತರಲ್ಲಿ ಎಂಟು ಸಲ ಸಿಂಕಿನ ಮುಂದೆಯೇ ನಿಂತಿರುತ್ತಾನೆ. "ಬಿಯರ್ ಮಾಡೂದಂದ್ರ ಏನೂ ಇಲ್ಲಣ್ಣಾ, ದಿನಾ ಬಾಂಡೆ ತಿಕ್ಕೂದು. ನಡುಕ ಒಂದೀಟು ಅಡಗಿ" ಅನ್ನುತ್ತಾನೆ. ಅವನ ಅನುಭವವೂ ನನ್ನದೂ ಇಲ್ಲಿ ಒಂದೇ. ಅವನು ಹೇಳಿಕೊಟ್ಟ ಅರ್ಧ ಪಾಠ ನನ್ನ ಶುಂಠಿ ಜಾಡಿಗೂ ಹಾಗೇ ಹೊಂದುತ್ತದೆ.

ಬೆಳಗಾವಿಯ ನಮ್ಮ ವೈನಿ (ಅತ್ತಿಗೆ) ಫೋನ್ ಮಾಡಿದ್ದು ನೆನಪಿದೆ. ಶುಂಠಿ ಸೋಡಾ ಚೆನ್ನಾಗಿ ಬರುತ್ತಿತ್ತಂತೆ. ಆಮೇಲೆ ಇದ್ದಕ್ಕಿದ್ದಂತೆ ಕೆಟ್ಟಿತು. ಹುಳಿಯಾಗಿಲ್ಲ, ವಾಸನೆ ಇಲ್ಲ, ಆದರೆ ಲೋಟಕ್ಕೆ ಸುರಿದರೆ ಎಳೆ ಎಳೆಯಾಗಿ ಬೀಳುತ್ತದೆ.

"ಲೋಳಿ ಲೋಳಿ ಆಗೇತಿ ತಮ್ಮಾ. ಬೆಂಡಿಕಾಯಿ ಕಿವುಚಿದಂಗ."

"ಜಾಡಿ ಬಿಸಿನೀರಾಗ ತೊಳದ್ರಿ ಹೌದಲ್ಲ ವೈನಿ?"

"ತೊಳದೆ. ಕುದಿಯೂ ನೀರು ಹಾಕೀನಿ."

"ನಲ್ಲಿ ಬಿಚ್ಚಿದ್ರೇನು?"

"ಯಾವ ನಲ್ಲಿ?"

"ಜಾಡಿದು."

"ಅದು ಬಿಚ್ಚಾಕ ಬರ್ತೈತೇನ?"

ಬರುತ್ತದೆ. ಬಾಂಡೆ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಸಿಗುವ ನಲ್ಲಿ ಇರುವ ಗಾಜಿನ ಜಾಡಿ ಎಲ್ಲರೂ ನೋಡಿರುತ್ತೀರಿ. ಮದುವೆ ಮನೆಯಲ್ಲಿ ಶರಬತ್ತು ಹಾಕಿಡುತ್ತಾರಲ್ಲ, ಅದೇ. ಒಳಗಡೆ ಕೈ ಹಾಕಿದರೆ ಒಂದು ನಟ್ಟು ಸಿಗುತ್ತದೆ. ಅದನ್ನು ತಿರುಗಿಸಿದರೆ ನಲ್ಲಿ ಇಡಿಯಾಗಿ ಹೊರಗೆ ಬರುತ್ತದೆ. ಗಾಜಿನ ಎರಡೂ ಬದಿಗೆ ಒಂದೊಂದು ರಬ್ಬರ್ ವಾಷರ್. ವಾಷರ್ ತೆಗೆದು ಅದರ ಒಳಮೈಗೆ ಉಗುರು ಆಡಿಸಿ. ಹಳದಿ-ಕಂದು ಬಣ್ಣದ, ಕೆನೆಯಂಥ ಒಂದು ಪದರ ಉಗುರಿಗೆ ಅಂಟುತ್ತದೆ. ತಿರುಪಿನ ಸುತ್ತುಗಳಲ್ಲೂ ಅದೇ. ಇನ್ನು ನಲ್ಲಿಯ ಹಿಡಿಕೆ ಮೇಲಕ್ಕೆ ಎಳೆದರೆ ಹೆಚ್ಚಿನವು ಟಪ್ ಅಂತ ಬಿಚ್ಚಿಕೊಳ್ಳುತ್ತವೆ. ಒಳಗಿನ ಕೊಳವೆಯಲ್ಲಿ ಹಿಂದಿನ ಸಲದ ಸೋಡಾ ಎರಡು ಹನಿ ನಿಂತಿರುತ್ತದೆ. ಜಾಡಿಗೆ ಎಷ್ಟು ಕುದಿಯುವ ನೀರು ಸುರಿದರೂ ಆ ಎರಡು ಹನಿಗೆ ಅದು ತಾಗುವುದಿಲ್ಲ. ಸುರಿದ ನೀರು ಜಾಡಿಯ ಗೋಡೆಗೆ ತಾಗಿ ತಣ್ಣಗಾಗಿ ಹೊರಗೆ ಹೋಗುತ್ತದೆ. ವಾಷರಿನ ಹಿಂದೆ ಇರುವವರು ಆರಾಮಾಗಿ ಇರುತ್ತಾರೆ.

ವೈನಿಯ ಜಾಡಿಯಲ್ಲಿ ಲೋಳೆ ಮಾಡಿದ್ದು ಲ್ಯುಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಇರಬೇಕು. ಲಕ್ಷಣ ಎಲ್ಲ ಅದರದ್ದೇ. ಇದಕ್ಕೆ ಸಕ್ಕರೆ ಅಂದರೆ ಪ್ರಾಣ. ಸಕ್ಕರೆಯನ್ನು ತಿಂದು ಡೆಕ್ಸ್‌ಟ್ರಾನ್ ಎಂಬ ಉದ್ದನೆಯ ಅಂಟಿನ ಎಳೆ ಹೆಣೆಯುತ್ತದೆ. ಬೆಳಗಾವಿ, ಬಾಗಲಕೋಟೆ ಕಡೆಯವರಿಗೆ ಇದರ ಪರಿಚಯ ಇರಲೇಬೇಕು. ಹೆಸರು ಗೊತ್ತಿಲ್ಲದಿದ್ದರೂ ಅದರ ಕಾಟ ಗೊತ್ತು. ಕಬ್ಬು ಕಡಿದು ಟ್ರ್ಯಾಕ್ಟರ್‌ನಲ್ಲಿ ಫ್ಯಾಕ್ಟರಿ ಗೇಟಿನ ಮುಂದೆ ಎರಡು ಮೂರು ದಿನ ನಿಂತರೆ, ಕಡಿದ ತುದಿಯಿಂದ ಒಳಗೆ ಸೇರುವುದು ಇದೇ. ಸಕ್ಕರೆ ಇಳುವರಿ ಕಡಿಮೆಯಾಗುತ್ತದೆ. ಉಳಿದ ರಸ ಮಂದವಾಗುತ್ತದೆ, ಸೋಸಲು ತಡವಾಗುತ್ತದೆ. ಡೆಕ್ಸ್‌ಟ್ರಾನ್ ಜಾಸ್ತಿಯಾದರೆ ಸಕ್ಕರೆಯ ಹರಳು ಕೂಡ ಸರಿಯಾದ ಆಕಾರಕ್ಕೆ ಬರದೆ ಉದ್ದಕ್ಕೆ ಬೆಳೆಯುತ್ತದೆ. ಅದಕ್ಕೇ ಕಾರ್ಖಾನೆಗಳಲ್ಲಿ ಗಾಣದ ರೋಲರುಗಳಿಗೆ, ರಸ ಹರಿಯುವ ತೊಟ್ಟಿಗಳಿಗೆ ಬಿಸಿನೀರು, ಹಬೆ ಹೊಡೆಯುತ್ತಲೇ ಇರುತ್ತಾರೆ. ಮೂಲೆಗಳನ್ನು ಕೆರೆದು ತೆಗೆಯುತ್ತಾರೆ. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲಿ ಓದಿದವರು ಯಾರಾದರೂ ನಿಮ್ಮ ಪರಿಚಯದಲ್ಲಿದ್ದರೆ ಕೇಳಿ ನೋಡಿ, ಒಂದು ಗಂಟೆ ಹೇಳುತ್ತಾರೆ. ಸಾವಿರಾರು ಟನ್ ಕಬ್ಬು ಅರೆಯುವ ಕಾರ್ಖಾನೆಯ ತಲೆನೋವೂ ವೈನಿಯ ಅಡುಗೆಮನೆಯ ತಲೆನೋವೂ ಒಂದೇ ಜೀವಿಯಿಂದ. ಮದ್ದೂ ಒಂದೇ. ರಸ ನಿಲ್ಲುವ ಮೂಲೆ ಹುಡುಕಿ ಕೆರೆಯಬೇಕು.

ಇಲ್ಲಿ ಜನ ತಪ್ಪು ಮಾಡುವುದು ಒಂದೇ ಕಡೆ. ಕೊಲ್ಲುವ ಔಷಧಿಯ ಮೇಲೆ ಅವರಿಗೆ ಭಾರಿ ನಂಬಿಕೆ. ತಿಕ್ಕುವುದರ ಮೇಲೆ ಇಲ್ಲ. ಬ್ಯಾಕ್ಟೀರಿಯಾಗಳು ಒಂದು ಕಡೆ ನೆಲೆ ನಿಂತರೆ ತಮ್ಮ ಸುತ್ತ ಅಂಟಿನ ಪದರ ಕಟ್ಟಿಕೊಳ್ಳುತ್ತವೆ. ಬಯೋಫಿಲ್ಮ್ ಅನ್ನುತ್ತಾರೆ. ಹಲ್ಲು ಉಜ್ಜದಿದ್ದರೆ ಬೆಳಿಗ್ಗೆ ನಾಲಗೆಗೆ ತಾಗುತ್ತದಲ್ಲ, ಅದೂ ಬಯೋಫಿಲ್ಮೇ. ಮೇಲಿನಿಂದ ಏನೇ ಸುರಿದರೂ ಹೊರಗಿನವು ಸಾಯುತ್ತವೆ, ಒಳಗಿನವು ಬದುಕುತ್ತವೆ. ಅದಲ್ಲದೆ ಬ್ಲೀಚಿನಂಥ ಔಷಧಿಗೆ ಕೊಳೆ ಯಾವುದು, ಜೀವಿ ಯಾವುದು ಅನ್ನುವ ಭೇದ ಇಲ್ಲ. ಎದುರಿಗೆ ಸಿಕ್ಕ ಸಕ್ಕರೆ, ಶುಂಠಿ ನಾರು ಎಲ್ಲದರ ಮೇಲೂ ಖರ್ಚಾಗಿ ಮುಗಿದುಹೋಗುತ್ತದೆ. ಧೂಳು ಒರೆಸದೆ ಗೋಡೆಗೆ ಸುಣ್ಣ ಹೊಡೆದ ಹಾಗೆ.

ಆದ್ದರಿಂದ ಮೊದಲು ಕಣ್ಣಿಗೆ ಕಾಣುವ, ಕೈಗೆ ತಾಗುವ ಕೊಳೆ ಹೋಗಬೇಕು. ಆಮೇಲೆ ಉಳಿದ ಜೀವಿಗಳನ್ನು ಕಡಿಮೆ ಮಾಡಬೇಕು. ಒಂದೂ ಉಳಿಯದ ಹಾಗೆ ಮಾಡುವುದು, ಅಂದರೆ ಆಸ್ಪತ್ರೆಯ ಸ್ಟೆರಿಲೈಸ್, ನಮಗೆ ಬೇಕೂ ಇಲ್ಲ, ಆಗುವುದೂ ಇಲ್ಲ. ಜಾಡಿ ಹೊರಗೆ ತೆಗೆದ ಕ್ಷಣದಿಂದ ಗಾಳಿಯಲ್ಲಿ ಇರುವುದೆಲ್ಲ ಬಂದು ಕೂರುತ್ತದೆ. ಕೆಟ್ಟವು ಹತ್ತು ಇರಲಿ, ನಾವು ಹಾಕುವ ಒಳ್ಳೆಯವು (ಸಕ್ಕರೆ ತಿಂದು ಗುಳ್ಳೆ ಬರಿಸುವ ಯೀಸ್ಟ್‌ನಂಥವು) ಕೋಟಿ ಇರಲಿ. ಒಳ್ಳೆಯವು ಮೊದಲು ಜಾಗ ಹಿಡಿದರೆ ಸಾಕು. ಕಾರ್ಲ್ಸ್‌ಬರ್ಗ್‌ನಂಥ ದೊಡ್ಡ ಬಿಯರ್ ಕಾರ್ಖಾನೆಗೂ ಈ ಗೋಳು ತಪ್ಪಿರಲಿಲ್ಲ. ಬಿಯರ್ ಕೆಡುತ್ತಿತ್ತು, ಕಾರಣ ತಿಳಿಯುತ್ತಿರಲಿಲ್ಲ. ಅಲ್ಲಿನ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಕಾಡು ಯೀಸ್ಟ್ ಬೆರೆತಿರುವುದನ್ನು ಪತ್ತೆ ಮಾಡಿ, ಒಂದೇ ಜೀವಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ್ದು 1883ರಲ್ಲಿ.

ಈಗ ನಮ್ಮ ಊರಿನ ನೀರಿಗೆ ಬರೋಣ. ಕೃಷ್ಣೆಯ ನೀರು ಬರುವ ದಿನ ಬೇರೆ, ಬೋರ್ ನೀರು ಬೇರೆ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ ಎಷ್ಟಿರುತ್ತದೆ ಅನ್ನುವುದನ್ನು ಗೀಸರ್ ಬಿಚ್ಚಿದ ಮೆಕ್ಯಾನಿಕ್ ಹೇಳುತ್ತಾನೆ. ಗಾಜಿನ ಬಾಟಲಿ ಅದರಲ್ಲಿ ತೊಳೆದು ಒಣಗಿಸಿದರೆ ಒಳಗೆ ಬಿಳಿ ಮಂಜು ಕಟ್ಟುತ್ತದೆ. ಬರೀ ನೋಡೋಕೆ ಕೆಟ್ಟದು ಅಂತ ಬಿಟ್ಟುಬಿಡಬೇಡಿ. ಆ ಬಿಳಿ ಪದರ ಒರಟು. ಒರಟಾದ ಕಡೆ ಕೊಳೆ ಕೂರುತ್ತದೆ, ಕೊಳೆ ಕೂತಲ್ಲಿ ಜೀವಿ ಕೂರುತ್ತದೆ. ಸೋಪಿನಿಂದ ಅದು ಹೋಗಲ್ಲ. ಎಷ್ಟು ತಿಕ್ಕಿದರೂ ಹೋಗಲ್ಲ. ಹುಳಿ ಬೇಕು.

ಹುಳಿಗೆ ನಮ್ಮ ಜಿಲ್ಲೆಯಲ್ಲಿ ಬರ ಇಲ್ಲ. ಇಂಡಿ ಲಿಂಬೆಗೆ ಈಗ ಜಿಐ ಟ್ಯಾಗ್ ಕೂಡ ಇದೆ. ಶರಬತ್ತಿಗೆ ಹಿಂಡಿದ ಹೋಳುಗಳನ್ನು ಎಸೆಯದೆ ಬಾಟಲಿಗೆ ತುರುಕಿ, ಬಿಸಿನೀರು ಹಾಕಿ ರಾತ್ರಿಯಿಡೀ ಬಿಟ್ಟರೆ ತೆಳು ಪದರ ಬಿಡುತ್ತದೆ. ದಪ್ಪಗೆ ಕಟ್ಟಿದ್ದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು ಬೇಕು. ಸಿಟ್ರಿಕ್ ಆಸಿಡ್ ಅಂದರೆ ಅದೇ. ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ. ಹಾಕಿದ ಕೂಡಲೇ ಗಾಜಿನ ಗೋಡೆಯಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಕಿವಿ ಹತ್ತಿರ ಹಿಡಿದರೆ ಚುರ್ ಅನ್ನುವುದೂ ಕೇಳುತ್ತದೆ. ಕಲ್ಲು ಕರಗಿ ಇಂಗಾಲದ ಡೈಆಕ್ಸೈಡ್ ಬಿಡುವ ಸದ್ದು ಅದು. ಸದ್ದು ನಿಂತರೆ ಒಂದೋ ಕಲ್ಲು ಮುಗಿದಿದೆ, ಇಲ್ಲವೇ ಹುಳಿ ಮುಗಿದಿದೆ. ಬೆಳಕಿಗೆ ಹಿಡಿದು ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಹುಳಿ ಕಲ್ಲಿಗೆ ಆದರೆ, ಜಿಡ್ಡು, ಯೀಸ್ಟಿನ ಕೆಸರು, ಶುಂಠಿಯ ಅಂಟು ಇವಕ್ಕೆ ಕ್ಷಾರ ಬೇಕು. ನಮ್ಮ ಆಯಿ ಬೂದಿಯಲ್ಲಿ ಬಾಂಡೆ ತಿಕ್ಕುತ್ತಿದ್ದದ್ದು ಇದಕ್ಕೇ. ಕಟ್ಟಿಗೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ಒದ್ದೆಯಾದರೆ ಕ್ಷಾರ, ಜಿಡ್ಡಿಗೆ ತಾಗಿದರೆ ಸ್ವಲ್ಪ ಸೋಪೇ ಆಗುತ್ತದೆ, ಕಾಳು ಕಾಳಾಗಿರುವುದರಿಂದ ಉಜ್ಜುತ್ತದೆ ಕೂಡ. ಗಾಜಿಗೆ, ಪ್ಲಾಸ್ಟಿಕ್‌ಗೆ ಮಾತ್ರ ಬೂದಿ ಬೇಡ, ಗೀರು ಬೀಳುತ್ತದೆ. ಅದರ ಬದಲು ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ, ಅದು ತುಂಬಾ ಮೃದು. ಬಟ್ಟೆ ಒಗೆಯುವ ಸೋಡಾ, ಬಿಸಿನೀರಿಗೆ ಲೀಟರಿಗೆ ಒಂದು ಚಮಚ, ಅರ್ಧ ಗಂಟೆ ನೆನೆಸಿದರೆ ಒಳಗಿನ ಕಂದು ಉಂಗುರ ತಾನೇ ಸಡಿಲಾಗುತ್ತದೆ. ಬ್ರಷ್ ಹಾಕುವುದು ಆಮೇಲೆ. ನಮ್ಮ ಕಾಕಾನ ಮಗ ಸೋಡಿಯಂ ಪರ್‌ಕಾರ್ಬೊನೇಟ್ ಬಳಸುತ್ತಾನೆ. ಬಿಸಿನೀರಿನಲ್ಲಿ ಅದು ವಾಷಿಂಗ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಎರಡಾಗಿ ಒಡೆಯುತ್ತದೆ. ಬಟ್ಟೆಯ ಕಲೆ ತೆಗೆಯುವ 'ಆಕ್ಸಿ' ಪುಡಿಗಳ ಜೀವಾಳ ಅದೇ. ಸುವಾಸನೆ ಹಾಕದ ಪುಡಿ ಸಿಕ್ಕರೆ ಒಳ್ಳೆಯದು. ಒಂದು ಎಚ್ಚರ: ಗಡಸು ನೀರಿನಲ್ಲಿ ಸೋಡಾ ಹಾಕಿದರೆ ಅದೇ ಬಿಳಿ ಕಲ್ಲು ಮತ್ತೆ ಕೂರುತ್ತದೆ. ಅದಕ್ಕೆ ಕೊನೆಗೆ ಒಂದು ಸಲ ನಿಂಬೆ ಉಪ್ಪಿನ ನೀರಿನಲ್ಲಿ ಜಾಲಿಸಬೇಕು. ಸೋಡಾ ಮೊದಲು, ಹುಳಿ ಆಮೇಲೆ. ಎರಡನ್ನೂ ಒಟ್ಟಿಗೆ ಸುರಿದು ನೊರೆ ಉಕ್ಕಿಸುವ ವಿಡಿಯೋ ಎಷ್ಟೋ ಇವೆ. ನೊರೆ ಚಂದ, ಅಷ್ಟೇ. ಒಂದನ್ನೊಂದು ಕೊಂದುಕೊಂಡು ಉಳಿಯುವುದು ಉಪ್ಪುನೀರು.

ಕಾಸ್ಟಿಕ್ ಸೋಡಾ ಮನೆಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬಿಯರ್ ಕಾರ್ಖಾನೆ, ಹಾಲಿನ ಡೇರಿ ಎಲ್ಲ ಅದರಲ್ಲೇ ಪೈಪು ತೊಳೆಯುತ್ತವೆ, ನಿಜ. ಆದರೆ ಅವರು ಕೈ ಹಾಕಲ್ಲ, ಪಂಪು ಹಾಕುತ್ತಾರೆ. ಅಲ್ಯೂಮಿನಿಯಂ ಪಾತ್ರೆಗಂತೂ ತೋರಿಸಲೇಬಾರದು, ತಿಂದುಬಿಡುತ್ತದೆ. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲಿ ಬಾಕ್ಸೈಟ್ ಮಣ್ಣಿನಿಂದ ಅಲ್ಯೂಮಿನಾ ಎಳೆಯುವುದೂ ಬಿಸಿ ಕಾಸ್ಟಿಕ್ ಸೋಡಾದಲ್ಲಿ ಕರಗಿಸಿಯೇ.

ಇನ್ನು ಪಾತ್ರೆ ತೊಳೆಯುವ ಲಿಕ್ವಿಡ್. ಬಳಸಬಾರದು ಅಂತೇನಿಲ್ಲ. ಆದರೆ ನಿಂಬೆ ವಾಸನೆಯ ಆ ಲಿಕ್ವಿಡ್ ರಬ್ಬರಿನಲ್ಲಿ, ಪ್ಲಾಸ್ಟಿಕ್‌ನಲ್ಲಿ ಸೇರಿಕೊಂಡು ಬಿಡಲ್ಲ. ನನಗೆ ಶುಂಠಿ ಸೋಡಾದಲ್ಲಿ ಅದರ ವಾಸನೆ ಬಂದರೆ ಲೋಟ ಕೆಳಗಿಡುವ ಹಾಗಾಗುತ್ತದೆ.

ತೊಳೆದಾಯಿತು. ಈಗ ಎರಡನೇ ಕೆಲಸ. ಇದು ನಿಜಕ್ಕೂ ಸಣ್ಣದು, ಆದರೆ ಜನ ಇದಕ್ಕೇ ಹೆಚ್ಚು ಹೆದರುತ್ತಾರೆ. ಗಾಜಿನ ಬಾಟಲಿ, ಸ್ಟೀಲ್ ಸೌಟು, ಜಾಲರಿ ಇವನ್ನು ದೊಡ್ಡ ಪಾತ್ರೆಯಲ್ಲಿ ಮುಳುಗಿಸಿ ಹತ್ತು ನಿಮಿಷ ಕುದಿಸಿದರೆ ಆಯಿತು. ತಣ್ಣೀರಿನಲ್ಲಿ ಇಟ್ಟು ಒಟ್ಟಿಗೆ ಬಿಸಿ ಮಾಡಿ. ತಣ್ಣನೆಯ ಗಾಜಿಗೆ ಕುದಿಯುವ ನೀರು ಸುರಿದರೆ ಟಪ್ ಅಂತ ಸೀಳುತ್ತದೆ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಇಲ್ಲಿ ನೀರು 98 ಡಿಗ್ರಿಯ ಆಸುಪಾಸಿಗೆ ಕುದಿಯುತ್ತದೆ, ಬೆಳಗಾವಿಯಲ್ಲಿ ಇನ್ನೂ ಅರ್ಧ ಡಿಗ್ರಿ ಕಡಿಮೆ. ಆ ವ್ಯತ್ಯಾಸದಿಂದ ಯೀಸ್ಟಿಗೂ ಸಾಮಾನ್ಯ ಬ್ಯಾಕ್ಟೀರಿಯಾಕ್ಕೂ ಏನೂ ಉಪಕಾರ ಆಗಲ್ಲ, 80ರಲ್ಲೇ ಅವು ಸತ್ತಿರುತ್ತವೆ. ಕುದಿಸಿದರೂ ಸಾಯದೆ ಉಳಿಯುವುದು ಸ್ಪೋರ್. ಗಟ್ಟಿ ಕವಚ ಕಟ್ಟಿಕೊಂಡು ಮಲಗಿದ ಬ್ಯಾಕ್ಟೀರಿಯಾ ಅದು. ಅದನ್ನು ಕೊಲ್ಲಲು 121 ಡಿಗ್ರಿಯ ಹಬೆ ಬೇಕು. ಪ್ಯಾಸ್ಟರ್ ಜೊತೆ ಕೆಲಸ ಮಾಡುತ್ತಿದ್ದ ಶಾರ್ಲ್ ಶಾಂಬರ್ಲಾಂ 1879ರಲ್ಲಿ ಆಟೋಕ್ಲೇವ್ ಎಂಬ ಒತ್ತಡದ ಹಬೆಪಾತ್ರೆ ಮಾಡಿದ್ದು ಅದಕ್ಕೇ. ನಮ್ಮ ಪ್ರೆಶರ್ ಕುಕ್ಕರ್ ಹೆಚ್ಚುಕಡಿಮೆ ಅಲ್ಲಿಗೇ ಮುಟ್ಟುತ್ತದೆ. ಆದರೆ ಹುಳಿ ಪಾನೀಯದಲ್ಲಿ ಅಪಾಯದ ಸ್ಪೋರುಗಳು ಮೊಳೆಯುವುದಿಲ್ಲ, ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿದ್ದರೆ ಬೊಟುಲಿಸಂ ಎಂಬ ವಿಷಾಹಾರದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಲ್ಲ. ಹಾಗಾಗಿ ಕುಕ್ಕರಿನಲ್ಲಿ ಅನ್ನವನ್ನೇ ಮಾಡಿಕೊಳ್ಳಿ.

ಪ್ಲಾಸ್ಟಿಕ್ ಕುದಿಸಲು ಬರಲ್ಲ. ನೀರಿನ ಪೆಟ್ ಬಾಟಲಿಗೆ ಬಿಸಿ ಜಾಸ್ತಿಯಾದರೆ ಮುದುಡಿಕೊಳ್ಳುತ್ತದೆ. ಅದಕ್ಕೆ ಔಷಧಿಯೇ ಗತಿ. ಸುವಾಸನೆ ಬೆರೆಸದ, ಶೇಕಡಾ 5ರ ಬ್ಲೀಚ್ ಆದರೆ ಲೀಟರ್ ನೀರಿಗೆ 2 ಎಂ.ಎಲ್. ಹಾಕಿದರೆ ಸುಮಾರು 100 ಪಿಪಿಎಂ (ಹತ್ತು ಲಕ್ಷದಲ್ಲಿ ನೂರು ಪಾಲು) ಆಗುತ್ತದೆ. ಕೆಲವು ನಿಮಿಷ ನೆನೆಸಿ, ಕುದಿಸಿ ಆರಿಸಿದ ನೀರಿನಲ್ಲಿ ಚೆನ್ನಾಗಿ ಜಾಲಿಸಬೇಕು. ಬ್ಲೀಚಿಗೆ ನಿಂಬೆ ಉಪ್ಪಾಗಲಿ, ವಿನೆಗರ್ ಆಗಲಿ ಯಾವತ್ತೂ ತಾಗಿಸಬೇಡಿ. ಕ್ಲೋರಿನ್ ಗಾಳಿ ಏಳುತ್ತದೆ, ಬಚ್ಚಲಂಥ ಸಣ್ಣ ಜಾಗದಲ್ಲಿ ಅದು ಪ್ರಾಣಕ್ಕೇ ಕುತ್ತು. ಸ್ಟೀಲ್ ಪಾತ್ರೆಯಲ್ಲೂ ಬ್ಲೀಚ್ ಹೊತ್ತು ನಿಲ್ಲಿಸಬಾರದು, ಸೂಜಿ ಚುಚ್ಚಿದಂಥ ತೂತು ಬೀಳುತ್ತವೆ. ಸ್ವಲ್ಪ ಉಳಿದರೂ ಕೊಂಬುಚಾ ಚಹಾದ ಫೀನಾಲ್‌ಗಳ ಜೊತೆ ಸೇರಿ ಆಸ್ಪತ್ರೆಯ ಬ್ಯಾಂಡೇಜ್ ವಾಸನೆ ಬರುತ್ತದೆ. ಇಷ್ಟೆಲ್ಲ ಕಾಟ ಇರುವುದರಿಂದ ನಾನು ಬ್ಲೀಚ್ ಬಿಟ್ಟುಬಿಟ್ಟೆ. ಆಚೆ ಇಂಗ್ಲೆಂಡಿನಲ್ಲಿ ನಮ್ಮ ಕಾಕಾನ ಮಗ ಬಳಸುವ ಸ್ಟಾರ್ ಸ್ಯಾನ್ ಫಾಸ್ಫಾರಿಕ್ ಆಸಿಡ್ ಮತ್ತು ನೊರೆ ಬರಿಸುವ ಒಂದು ಡಿಟರ್ಜೆಂಟಿನ ಮಿಶ್ರಣ. ಅದ್ದಿ ತೆಗೆದು ಒಂದೆರಡು ನಿಮಿಷ ಬಿಟ್ಟರೆ ಸಾಕು, ತೊಳೆಯಬೇಕಾಗಿಲ್ಲ. ನಮ್ಮ ಬೋರ್ ನೀರಿನಲ್ಲಿ ಕಲಸಿದರೆ ಮಾತ್ರ ಕದಡಿ ಬೆಳ್ಳಗಾಗಿ ಬಲ ಕಳೆದುಕೊಳ್ಳುತ್ತದೆ, ಫಿಲ್ಟರ್ ನೀರು ಬೇಕು. ಸಣ್ಣಪುಟ್ಟ ವಾಷರ್, ಮುಚ್ಚಳಕ್ಕೆ ಶೇಕಡಾ 70ರ ಸ್ಪಿರಿಟ್ ಚಿಮುಕಿಸುವುದೇ ಸುಲಭ. 99ರದು ಇನ್ನೂ ಒಳ್ಳೆಯದು ಅಂದುಕೊಳ್ಳಬೇಡಿ. ನೀರಿನ ಅಂಶ ಇದ್ದರೇ ಸ್ಪಿರಿಟ್ ಒಳಗೆ ಇಳಿದು ಕೆಲಸ ಮಾಡುವುದು, ಬರೀ ಸ್ಪಿರಿಟ್ ಬೇಗ ಆರಿಹೋಗುತ್ತದೆ.

ಜೀವಿಗಳನ್ನು ತಡೆಯುವ ಇನ್ನೊಂದು ಔಷಧಿ ಗಂಧಕ, ಅದರ ವಿಷಯ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್‌ಗಳ ಹತ್ತಿರ ಹೋದರೆ ಮೂಗಿಗೇ ಗೊತ್ತಾಗುತ್ತದೆ. ಮಣೂಕ ಬಂಗಾರದ ಬಣ್ಣ ಉಳಿಸಿಕೊಳ್ಳಲಿ, ಹುಳ ಬೂಷ್ಟು ಹಿಡಿಯದಿರಲಿ ಅಂತ ಗಂಧಕದ ಹೊಗೆ ಕೊಡುತ್ತಾರೆ. ಯುರೋಪಿನ ವೈನ್ ಮಾಡುವವರು ಖಾಲಿ ಮರದ ಪೀಪಾಯಿಯೊಳಗೆ ಗಂಧಕದ ಬತ್ತಿ ಉರಿಸಿ ಇಡುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಸ್ಕ್ವಾಶ್‌ಗೆ ಹಾಕುವ ಕೆಎಂಎಸ್ ಪುಡಿ, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಅದೇ ಹೊಗೆಯನ್ನು ನೀರಿನಲ್ಲಿ ಬಿಡುತ್ತದೆ. ಹುಳಿ ಸೇರಿಸಿದರೆ ಜೋರು. ಉಬ್ಬಸ ಇರುವವರು ಅದರ ಹತ್ತಿರ ಹೋಗಬಾರದು. ಇನ್ನೊಂದು ಮಾತು, ಶುಂಠಿ ಸೋಡಾಕ್ಕೆ ಯೀಸ್ಟ್ ಬರಲಿ ಅಂತ ಕೆಲವರು ಒಣದ್ರಾಕ್ಷಿ ಹಾಕುತ್ತಾರೆ. ಬಂಗಾರದ ಬಣ್ಣದ್ದು ಹಾಕಿ, ಯಾಕೆ ಗುಳ್ಳೆ ಬರಲಿಲ್ಲ ಅಂತ ಕೇಳುತ್ತಾರೆ. ಗಂಧಕ ಹೊಡೆದ ಹಣ್ಣಿನ ಮೇಲೆ ಯೀಸ್ಟ್ ಎಲ್ಲಿಂದ ಉಳಿಯಬೇಕು? ಕಪ್ಪು ಒಣದ್ರಾಕ್ಷಿ ಹಾಕಿ, ಅದೂ ಗಂಧಕ ಇಲ್ಲದ್ದು.

ಬಾಟಲಿಗಳಲ್ಲಿ ನನಗೆ ಅತಿ ಪ್ರೀತಿ, ಅತಿ ಸಿಟ್ಟು ಎರಡೂ ಇರುವುದು ಗೋಲಿ ಸೋಡಾ ಬಾಟಲಿಯ ಮೇಲೆ. ಹೈರಮ್ ಕಾಡ್ ಎಂಬ ಇಂಗ್ಲಿಷಿನವನು 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು. ಒಳಗಿನ ಗ್ಯಾಸೇ ಗೋಲಿಯನ್ನು ಮೇಲಕ್ಕೆ ಒತ್ತಿ, ಬಾಯಿಯ ರಬ್ಬರ್ ಉಂಗುರಕ್ಕೆ ಕೂರಿಸಿ, ಮುಚ್ಚಳದ ಕೆಲಸ ಮಾಡಿಸುತ್ತದೆ. ಬುದ್ಧಿವಂತ ಕೆಲಸ. ಆದರೆ ತೊಳೆಯುವವನ ಕಡೆಯಿಂದ ನೋಡಿ. ಬ್ರಷ್ ಹೋಗುವ ದಾರಿಯಲ್ಲೇ ಗೋಲಿ. ಕತ್ತಿನ ಹತ್ತಿರ ಗಾಜು ಒಳಕ್ಕೆ ಚಿವುಟಿದೆ. ಬಾಯಿಯ ಉಂಗುರದ ಹಿಂದೆ ಒಂದು ತೋಡು, ಅಲ್ಲಿ ಸಕ್ಕರೆ ನಿಲ್ಲುತ್ತದೆ. ಬರೀ ಸೋಡಾ ತುಂಬುವ ಕಾರ್ಖಾನೆಗೆ ಪರವಾಗಿಲ್ಲ, ಸಿಹಿ ಇರುವ ಮನೆ ಪಾನೀಯಕ್ಕೆ ಆಗಲ್ಲ. ಶೋಕೇಸಿನಲ್ಲಿ ಇಡಿ. ಗುಳ್ಳೆ ಕಟ್ಟಲು ಕೂಲ್ ಡ್ರಿಂಕ್ ಬಂದ ಪೆಟ್ ಬಾಟಲಿಯೇ ಉತ್ತಮ. ಒತ್ತಡ ತಾಳುವ ಹಾಗೇ ಮಾಡಿರುತ್ತಾರೆ, ಗಟ್ಟಿಯಾಯಿತಾ ಅಂತ ಹಿಸುಕಿ ನೋಡಬಹುದು, ಒಳಗೆ ಗೀರು ಬಿದ್ದರೆ ಎಸೆಯೋಕೂ ಹೊಟ್ಟೆ ಉರಿಯಲ್ಲ.

ಹಾಗಾದರೆ ಅವ್ವನ ಮೊಸರಿನ ಗಡಿಗೆ? ಅದನ್ನು ಯಾರು ಸ್ಟೆರಿಲೈಸ್ ಮಾಡಿದ್ದರು ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಗಡಿಗೆಯ ಸಣ್ಣ ತೂತುಗಳಲ್ಲಿ ನಿನ್ನೆಯ ಹೆಪ್ಪಿನ ಬ್ಯಾಕ್ಟೀರಿಯಾ ಉಳಿದರೆ ನಾಳೆಯ ಮೊಸರಿಗೆ ಒಳ್ಳೆಯದೇ, ಯಾಕೆಂದರೆ ದಿನವೂ ಅದರಲ್ಲಿ ಮಾಡುವುದು ಮೊಸರೊಂದೇ. ಆದರೂ ಅವ್ವ ಸುಮ್ನೆ ಬಿಡುತ್ತಿರಲಿಲ್ಲ. ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಬೋರಲು ಹಾಕಿ, ಆಗಾಗ ಕುಳ್ಳಿನ ಬೆಂಕಿಯ ಹೊಗೆ ಹಿಡಿಸುತ್ತಿದ್ದಳು. ಹಾಲಿನ ಪಾತ್ರೆಗೆ ಬೇರೆ ಯಾವುದನ್ನೂ ಹಾಕಲು ಬಿಡುತ್ತಿರಲಿಲ್ಲ. ಅದರ ಹಿಂದೆ ಅರ್ಧ ಮಡಿ ಇತ್ತು, ಅರ್ಧ ವಿಜ್ಞಾನ ಇತ್ತು. ಯಾವ ಅರ್ಧ ಯಾವುದು ಅಂತ ನಾನು ಬಿಡಿಸಲು ಹೋಗಲ್ಲ. ಶುಂಠಿ ಸೋಡಾ, ಕೊಂಬುಚಾಗೆ ಮಾತ್ರ ಮಣ್ಣಿನ ಗಡಿಗೆ ಬೇಡ. ಹುಳಿ ಒಳಗೆ ಇಳಿಯುತ್ತದೆ, ತೊಳೆಯಲು ಸಿಗಲ್ಲ. ಹೊಳಪು ಬಳಿದ ಮಡಕೆ ಆದರೆ ಯಾವ ಹೊಳಪು ಅಂತ ಕೇಳಿ. ಸೀಸದ ಹೊಳಪಿದ್ದರೆ ಹುಳಿಗೆ ಸೀಸ ಬಿಡುತ್ತದೆ. ಖಾನಾಪುರದಲ್ಲಿ ಕುಂಬಾರಿಕೆ ಕಲಿಸುವ ಸಂಸ್ಥೆಯೇ ಇದೆ, ಆ ಕಡೆ ಹೋದರೆ ಕೇಳಿ ತಿಳಿದುಕೊಳ್ಳಬಹುದು. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರವೂ ಅಷ್ಟೇ, ಹುಳಿಗೆ ಆಗಲ್ಲ.

ಒಣಗಿಸುವುದರಲ್ಲಿ ಒಂದೇ ಮಾತು. ಬಟ್ಟೆಯಿಂದ ಒರೆಸಬೇಡಿ. ಅಡುಗೆಮನೆಯ ಕೈವಸ್ತ್ರದಲ್ಲಿ ಇರುವಷ್ಟು ಜೀವಿಗಳು ತೊಳೆಯದ ಜಾಡಿಯಲ್ಲೂ ಇರಲ್ಲ. ಬೋರಲು ಹಾಕಿ ನೀರು ಬಸಿಯಲು ಬಿಡಿ, ಇಲ್ಲಿಯ ಗಾಳಿಗೆ ಹತ್ತು ನಿಮಿಷದಲ್ಲಿ ಒಣಗುತ್ತದೆ. ಮತ್ತೆ ಖಾಲಿಯಾದ ಜಾಡಿಯನ್ನು ಆಮೇಲೆ ತೊಳೆದರಾಯಿತು ಅಂತ ಸಿಂಕಿನಲ್ಲಿ ಬಿಟ್ಟರೆ, ಆಗ ಎರಡು ಸಲ ಜಾಲಿಸಿದರೆ ಹೋಗುತ್ತಿದ್ದ ಕೆಸರಿಗೆ ಮರುದಿನ ಸೋಡಾ, ಬ್ರಷ್, ಅರ್ಧ ಗಂಟೆ ಎಲ್ಲ ಬೇಕು.

ಇಷ್ಟು ಮಾಡಿದರೂ ಕೊಂಬುಚಾದ ಮೇಲೆ ಒಮ್ಮೊಮ್ಮೆ ಬೂಷ್ಟು ಬರುತ್ತದೆ. ಹಿಂದಿನ ಸಲದ ಹುಳಿ ಕೊಂಬುಚಾವನ್ನು ಹತ್ತನೇ ಒಂದು ಪಾಲಾದರೂ ಹಾಕದಿದ್ದರೆ ಹೆಚ್ಚು. ಕಂದು ಎಳೆ, ಬಿಳಿ ಚರ್ಮ ಕಂಡರೆ ಹೆದರಬೇಡಿ, ಅದು ತಾಯಿ ಪದರ, ಚಹಾವನ್ನು ಹುಳಿ ಬರಿಸುವ ಜೀವಿಗಳೇ ಕಟ್ಟಿದ್ದು. ಒಣಗಿ, ರೋಮ ರೋಮವಾಗಿ, ಹಸಿರು ಅಥವಾ ಕಪ್ಪು ಬಣ್ಣದ್ದು ಮೇಲೆ ಕೂತಿದ್ದರೆ ಅದು ಬೂಷ್ಟು. ಚಮಚದಲ್ಲಿ ಮೇಲಿನದನ್ನು ತೆಗೆದು ಕೆಳಗಿನದನ್ನು ಕುಡಿಯೋಣ ಅನ್ನಬೇಡಿ. ಪಾನೀಯ, ತಾಯಿ ಪದರ, ಮೇಲೆ ಕಟ್ಟಿದ ಬಟ್ಟೆ, ಎಲ್ಲ ಹೊರಗೆ. ಜಾಡಿ ಗಾಜಿನದಾದರೆ ವಾಷಿಂಗ್ ಸೋಡಾದಲ್ಲಿ ನೆನೆಸಿ, ಕುದಿಸಿ, ಮತ್ತೆ ಬಳಸಬಹುದು. ನಲ್ಲಿಯ ವಾಷರ್ ಮಾತ್ರ ಹೊಸದು ಹಾಕಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಅಳತೆ ಬಾಯಲ್ಲಿ ಹೇಳಿದರೆ ಅವರು ಕೊಡುವುದು ಯಾವಾಗಲೂ ಒಂದು ಸೈಜ್ ದೊಡ್ಡದು.